ನೀರು ಕುಡಿದ ಬೂಟು, ಮಾಟುಂಗಾದ ಕಾಕಾ

ನಾನು ವಾಹನ ವಿಮೆ ಸರ್ವೇಯರ್. ಮುಂಬೈಯಲ್ಲಿ ಜುಲೈ ಬಂತೆಂದರೆ ನಮಗೆ ಸುಗ್ಗಿ. ಹಿಂದ್‌ಮಾತಾ, ಗಾಂಧಿ ಮಾರ್ಕೆಟ್, ಮಿಲನ್ ಸಬ್‌ವೇ, ಹೀಗೆ ನೀರು ನಿಂತ ಕಡೆಯಿಂದೆಲ್ಲ ಕಾರುಗಳನ್ನು ಎಳೆದು ತಂದು ಗ್ಯಾರೇಜಿನಲ್ಲಿ ಹಾಕುತ್ತಾರೆ. ನಾನು ಹೋಗಿ ಬಾನೆಟ್ ತೆಗೆಸುತ್ತೇನೆ, ಏರ್ ಫಿಲ್ಟರ್ ಮುಟ್ಟಿ ನೋಡುತ್ತೇನೆ. ಆಮೇಲೆ ಮಾಲೀಕರಿಗೆ ಒಂದೇ ಪ್ರಶ್ನೆ: ‘ನೀರಲ್ಲಿ ನಿಂತಾಗ ಸ್ಟಾರ್ಟ್ ಮಾಡೋಕೆ ನೋಡಿದ್ರಾ?’ ಹೆಚ್ಚಿನವರು ಮುಖ ಆ ಕಡೆ ತಿರುಗಿಸುತ್ತಾರೆ. ನೀರು ಹೊಕ್ಕ ಮಾತ್ರಕ್ಕೆ ಇಂಜಿನ್ ಸಾಯುವುದಿಲ್ಲ. ಹಾಗೇ ಬಿಟ್ಟು, ನೀರು ಇಳಿಸಿ, ಒಣಗಿಸಿದರೆ ಬದುಕುತ್ತದೆ. ಕೀ ತಿರುಗಿಸಿದರೆ ಮುಗೀತು. ಗಾಳಿಯನ್ನು ಅದುಮಬಹುದು, ನೀರನ್ನು ಅದುಮೋಕೆ ಆಗಲ್ಲ. ಪಿಸ್ಟನ್ ಮೇಲೆ ಬರುತ್ತದೆ, ಜಾಗ ಸಿಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ಇಷ್ಟೆಲ್ಲ ಗೊತ್ತಿದ್ದ ನಾನೇ ನನ್ನ ಬೂಟಿನ ವಿಷಯದಲ್ಲಿ ಕೀ ತಿರುಗಿಸಿಬಿಟ್ಟೆ. ಅದನ್ನು ರಿಪೇರಿ ಮಾಡಿಕೊಟ್ಟ ಒಂದು ಸಣ್ಣ ಅಂಗಡಿಯ ಬಗ್ಗೆ ಹೇಳಬೇಕು. ಅಂಗಡಿ ಅಂದರೆ ಅದಕ್ಕೆ ಬೋರ್ಡೂ ಇಲ್ಲ. ಮಾಟುಂಗಾ ಸ್ಟೇಷನ್ನಿನ ಪೂರ್ವಕ್ಕೆ ಇಳಿದು ಹೂವಿನ ಅಂಗಡಿಗಳನ್ನು ದಾಟಿದರೆ, ಒಂದು ಹಳೇ ಕಟ್ಟಡದ ಮೆಟ್ಟಿಲ ಕೆಳಗೆ ಮರದ ಪೆಟ್ಟಿಗೆ, ಮೇಲೆ ನೀಲಿ ತಾಡಪತ್ರಿ. ಅಷ್ಟೇ.

ಮೊದಲು ಬೂಟಿನ ಕಥೆ. ಕಂದು ಬಣ್ಣದ್ದು, ಕಾಲಿನ ಗಂಟಿನಿಂದ ನಾಲ್ಕು ಬೆರಳು ಮೇಲೆ ಬರುತ್ತದೆ. ಆಗ್ರಾದಲ್ಲಿ ಮಾಡಿದ್ದು. 9,500 ರೂಪಾಯಿ ಕೊಟ್ಟಿದ್ದೆ. ಮನೆಯಲ್ಲಿ 4,500 ಅಂತ ಹೇಳಿದ್ದೇನೆ, ಯಾರೂ ಬಾಯಿ ಬಿಡಬೇಡಿ. ಇದೇನು ಶೋಕಿಗೆ ಕೊಂಡದ್ದಲ್ಲ. ಗ್ಯಾರೇಜಿನ ನೆಲದಲ್ಲಿ ಒಡೆದ ಗಾಜು, ಮೊಳೆ, ಸುರಿದ ಆಯಿಲ್. ಚಪ್ಪಲಿ ಹಾಕಿಕೊಂಡು ಹೋಗಿ ಒಂದು ಸಲ ಹಿಮ್ಮಡಿಗೆ ಮೂರು ಹೊಲಿಗೆ ಹಾಕಿಸಿಕೊಂಡ ಮೇಲೆ ಬುದ್ಧಿ ಬಂತು. ಇದರ ಅಟ್ಟೆಯನ್ನು ಬರೀ ಅಂಟಿನಿಂದ ಅಂಟಿಸಿಲ್ಲ, ಸುತ್ತಲೂ ಒಂದು ತೊಗಲಿನ ಪಟ್ಟಿ ಕೊಟ್ಟು ಹೊಲಿದಿದ್ದಾರೆ. ಗುಡ್‌ಇಯರ್ ವೆಲ್ಟ್ ಅನ್ನುತ್ತಾರೆ. ನಾನು ಟೈರ್ ಕಂಪನಿಯವರದು ಅಂದುಕೊಂಡಿದ್ದೆ. ಅಲ್ಲ, ರಬ್ಬರ್ ಗಟ್ಟಿ ಮಾಡುವ ವಿದ್ಯೆ ಕಂಡುಹಿಡಿದ ಚಾರ್ಲ್ಸ್ ಗುಡ್‌ಇಯರ್ ಅವರ ಮಗನ ಹೆಸರು ಈ ಹೊಲಿಗೆಗೆ ನಿಂತಿದೆ. ಇದರ ಲಾಭ ಏನೆಂದರೆ ಅಟ್ಟೆ ಸವೆದಾಗ ಹೊಲಿಗೆ ಬಿಚ್ಚಿ ಹೊಸದು ಹಾಕಿಸಬಹುದು. ಆದರೆ ಮೇಲಿನ ಚರ್ಮ ಅಲ್ಲಿಯವರೆಗೆ ಬದುಕಿರಬೇಕಲ್ವಾ?

ಹೋದ ಜುಲೈಯಲ್ಲಿ ಒಂದು ಸರ್ವೆ ಮುಗಿಸಿ ಗಾಂಧಿ ಮಾರ್ಕೆಟ್ ಹತ್ತಿರ ಬಸ್ಸಿನಿಂದ ಇಳಿದೆ. ಮೊಣಕಾಲಿಗೆ ಒಂದು ಗೇಣು ಕಮ್ಮಿ ನೀರು. ಅದರಲ್ಲೇ ಕಿಂಗ್ಸ್ ಸರ್ಕಲ್ ತನಕ ನಡೆದೆ. ಬೂಟಿನ ಒಳಗೆ ಒಂದೊಂದು ಹೆಜ್ಜೆಗೂ ಪಚಕ್ ಪಚಕ್. ಲೋಕಲ್ ಹಿಡಿದು ಡೊಂಬಿವಲಿಯ ಮನೆ ಮುಟ್ಟುವಾಗ ರಾತ್ರಿ ಹತ್ತೂವರೆ. ಬೂಟು ಬಿಚ್ಚಿ ಬಗ್ಗಿಸಿದರೆ ಒಂದು ಲೋಟ ನೀರು ಬಿತ್ತು. ಮುಂಬೈ ಗಟಾರದ ನೀರು, ಬಣ್ಣ ಹೇಳುವುದು ಬೇಡ.

ಅಲ್ಲಿಂದ ನಾನು ಮಾಡಿದ್ದೆಲ್ಲ ತಪ್ಪು. ಫ್ರಿಜ್ಜಿನ ಹಿಂದೆ ಬಿಸಿಗಾಳಿ ಬರುತ್ತದೆಂದು ರಾತ್ರಿಯಿಡೀ ಅಲ್ಲಿಟ್ಟೆ. ಬೆಳಿಗ್ಗೆ ನೋಡಿದರೆ ಹೊರಗೆ ಗರಿಗರಿ, ಒಳಗೆ ಒದ್ದೆ. ಮೂಗಿನ ಹತ್ತಿರ ತಂದರೆ ಸತ್ತ ಇಲಿ. ಹೆಂಡತಿ ‘ಇದು ಒಳಗಿರಬೇಕು ಇಲ್ಲಾ ನಾನಿರಬೇಕು’ ಅಂದಳು. ಆಗ ಫೋನಿನಲ್ಲಿ ಒಂದು ಶೂ ಲಾಂಡ್ರಿ ಕಾಣಿಸಿತು. ಹೆಸರು ಹೇಳುವುದಿಲ್ಲ. ಮನೆಗೆ ಬಂದು ಒಯ್ಯುತ್ತಾರೆ, ತೊಳೆದು ಒಣಗಿಸಿ ತಂದು ಕೊಡುತ್ತಾರೆ, 799 ರೂಪಾಯಿ, 48 ಗಂಟೆ. ಚರ್ಮದ್ದೂ ಮಾಡ್ತೀರಾ ಅಂತ ಕೇಳಿದೆ. ‘ಎಲ್ಲಾ ಮಾಡ್ತೀವಿ ಸರ್’ ಅಂದರು.

ನಿಜವಾಗಿಯೂ 48 ಗಂಟೆಯಲ್ಲಿ ಬಂತು. ಪ್ಲಾಸ್ಟಿಕ್ ಚೀಲದಲ್ಲಿ ಸೀಲ್ ಮಾಡಿ, ಲ್ಯಾವೆಂಡರ್ ವಾಸನೆ ಹೊಡೆದು, ಕನ್ನಡಿ ಹಾಗೆ ಹೊಳೆಯುತ್ತಿತ್ತು. ಖುಷಿಯಾಗಿ ಐದು ನಕ್ಷತ್ರವನ್ನೂ ಕೊಟ್ಟುಬಿಟ್ಟೆ. ಕಾಲು ಹಾಕಿದೆ, ಅರ್ಧ ಸೈಜು ಚಿಕ್ಕದು. ಇರಲಿ, ಸಡಿಲಾಗುತ್ತದೆ ಅಂದುಕೊಂಡೆ. ನಾಲ್ಕು ದಿನಕ್ಕೆ ಬೆರಳು ಮಡಚುವ ಜಾಗದಲ್ಲಿ ಹೊಳಪು ಹಪ್ಪಳದ ಹಾಗೆ ಎದ್ದಿತು. ಏಳನೇ ದಿನ ಎಡಗಾಲಿನ ಬೂಟಿನಲ್ಲಿ ಕಿರುಬೆರಳಿನ ಪಕ್ಕ ಅರ್ಧ ಇಂಚಿನ ಬಿರುಕು. ಒಳಗಿನ ತೊಗಲು ಅಂಚಿನಲ್ಲಿ ಒಣಗಿದ ಎಲೆಯ ಹಾಗೆ ಸುರುಳಿ ಸುತ್ತಿತ್ತು. ಫೋನ್ ಮಾಡಿದೆ. ಹೇಗೆ ಒಣಗಿಸಿದಿರಿ ಅಂದರೆ ‘ಮೆಷಿನ್ ಡ್ರೈ ಸರ್’. ಪರಿಹಾರ ಏನು ಅಂದರೆ, ಮುಂದಿನ ಸಲಕ್ಕೆ 200 ರೂಪಾಯಿ ಕೂಪನ್! ನಾನೂ ಕ್ಲೇಮ್ ತಿರಸ್ಕರಿಸುವ ಕೆಲಸದಲ್ಲೇ ಇರುವವನು. ಆದರೂ ಇಷ್ಟು ನುಣುಪಾಗಿ ನನಗೆ ಬರಲ್ಲ.

ಈ ನಡುವೆ ಊರಿನಿಂದ ಅವ್ವ ಫೋನಿನಲ್ಲಿ ಹೇಳಿದಳೆಂದು ಕೊಬ್ಬರಿ ಎಣ್ಣೆಯನ್ನೂ ಹಚ್ಚಿದೆ. ನಾವು ಅಥಣಿಯವರು. ಲೋಕವೆಲ್ಲ ಕೊಲ್ಹಾಪುರಿ ಅನ್ನುವ ಚಪ್ಪಲಿ ನಮ್ಮೂರಲ್ಲೂ ಆಗುತ್ತದೆ. 2018ರಲ್ಲಿ ಅದಕ್ಕೆ ಜಿಐ (ಇಂಥ ಊರಿನದೇ ಅನ್ನುವ ಭೌಗೋಳಿಕ ಸೂಚಕ) ಗುರುತು ಸಿಕ್ಕಾಗ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಸೇರಿದವು. ಹೊಸ ಕಾಲ್ಮರಿ ಕಚ್ಚಿದರೆ ಎಣ್ಣೆ ಹಚ್ಚಿ ಮೆತ್ತಗೆ ಮಾಡುವುದು ಅವ್ವನ ಪದ್ಧತಿ. ಅಲ್ಲಿ ಅದು ಕೆಲಸ ಮಾಡುತ್ತದೆ. ನನ್ನ ಬೂಟಿನಲ್ಲಿ ಮಾತ್ರ ಕಪ್ಪು ಕಲೆಯಾಗಿ ಕೂತಿತು. ಅದರ ಮೇಲೆ ಎರಡು ವಾರಕ್ಕೆ ಬಿಳಿ ಪುಡಿ ಪುಡಿ.

ಕಾಕಾ ಸಿಕ್ಕಿದ್ದು ಅವ್ವನಿಂದಲೇ. ಮಾಟುಂಗಾದಲ್ಲಿ ಫೋನ್ ಕಿವಿಗಿಟ್ಟುಕೊಂಡು ‘ಎಣ್ಣಿ ಹಚ್ಚೀನಿ ಅವ್ವಾ, ಇನ್ನೂ ಕೆಟ್ಟೈತಿ’ ಅಂತ ಜಗಳ ಆಡುತ್ತಾ ಹೋಗುತ್ತಿದ್ದೆ. ಮೆಟ್ಟಿಲ ಕೆಳಗಿನಿಂದ ದನಿ ಬಂತು: ‘ಎಣ್ಣಿ ಯಾಕ ಹಚ್ಚೀರಿ ಸಾಹೇಬ್ರ, ಅದೇನ್ ತಲಿಗೂದಲಾ?’

ಅವರು ಜತ್ತ ತಾಲೂಕಿನವರು. ನಕಾಶೆಯಲ್ಲಿ ಸಾಂಗ್ಲಿ ಜಿಲ್ಲೆ, ಮಾತಿನಲ್ಲಿ ನಮ್ಮವರೇ. ನಾನು ಅಥಣಿ ಅಂದ ಕೂಡಲೇ ‘ಸಾಹೇಬ್ರ’ ಹೋಗಿ ‘ತಮ್ಮಾ’ ಆಯಿತು. ನಾನು ಕಾಕಾ ಅಂದೆ. ವಯಸ್ಸು ಎಪ್ಪತ್ತರ ಹತ್ತಿರ ಇರಬಹುದು. ಬಲಗೈಯ ಹೆಬ್ಬೆರಳಿನ ಉಗುರು ಕಾಫಿ ಬಣ್ಣಕ್ಕೆ ತಿರುಗಿದೆ. ತೊಳೆದರೆ ಹೋಗುವ ಬಣ್ಣ ಅಲ್ಲ ಅದು.

ಮರುದಿನ ಬೂಟು ತಂದೆ. ಅವರು ಪಾಲಿಶ್ ಡಬ್ಬಿಗೆ ಕೈ ಹಾಕಲಿಲ್ಲ. ಮೊದಲು ಲೇಸು ಬಿಚ್ಚಿ ಸುತ್ತಿ ನನ್ನ ಕೈಗೇ ಕೊಟ್ಟರು. ಒಳಗೆ ಮೂಗು ಇಟ್ಟು ಮೂಸಿದರು. ನಾನು ಏರ್ ಫಿಲ್ಟರ್ ಮುಟ್ಟುವ ಹಾಗೆ ಅವರು ಬೂಟಿನ ನಾಲಿಗೆ ಎಳೆದು ಅದರ ಬುಡ ಮುಟ್ಟಿದರು, ಒದ್ದೆ ಕೊನೆತನಕ ಉಳಿಯುವುದು ಅಲ್ಲೇ ಅಂತೆ. ಆಮೇಲೆ ಬೆರಳನ್ನು ನೀರಿನಲ್ಲಿ ಅದ್ದಿ ಬೂಟಿನ ಪಕ್ಕಕ್ಕೆ ಒಂದು ಹನಿ ಇಟ್ಟು ಸುಮ್ಮನೆ ಕೂತರು. ಹನಿ ಮಣಿಯ ಹಾಗೆ ನಿಂತಿತು. ಇನ್ನೊಂದು ಹನಿ ಮಡಿಕೆಯ ಮೇಲೆ. ಅದು ಕಣ್ಣೆದುರೇ ಇಂಗಿ ಕಪ್ಪಾಯಿತು.

‘ನೋಡ ತಮ್ಮಾ. ಇಲ್ಲಿ ಮ್ಯಾಲ ಪದರ ಬಳದಾರ, ನೀರೂ ಹೋಗೂದಿಲ್ಲ, ಎಣ್ಣೀನೂ ಹೋಗೂದಿಲ್ಲ. ಇಲ್ಲಿ ತೊಗಲ ನೀರಡಿಸಿ ಸತ್ತೈತಿ.’

ಆ ಬಿಳಿ ಪುಡಿಯನ್ನು ನಾನು ಬೂಷ್ಟು ಅಂತಲೇ ತಿಳಿದಿದ್ದೆ. ಕಾಕಾ ಕಟಿಂಗ್ ಚಹಾ ತರಿಸಿದರು. ನನಗೆ ಅಂತ ಕೈ ಚಾಚಿದೆ. ಅವರು ಆ ಬಿಸಿ ಗ್ಲಾಸಿನ ತಳವನ್ನು ಬಿಳಿ ಕಲೆಗೆ ಒಂದು ಗಳಿಗೆ ಒತ್ತಿ ತೆಗೆದರು. ಕಲೆ ಮಾಯ! ಹಿಮ್ಮಡಿಯ ಹತ್ತಿರದ ಕಲೆಗೂ ಒತ್ತಿದರು. ಅದು ಹೋಗಲಿಲ್ಲ. ಮೊದಲನೆಯದು ಚರ್ಮದ ಒಳಗಿನ ಕೊಬ್ಬು, ಮೇಣ ಮೇಲೆ ಬಂದು ಹೆಪ್ಪುಗಟ್ಟಿದ್ದು, ಬಿಸಿ ತಾಗಿದರೆ ಕರಗುತ್ತದೆ. ಎರಡನೆಯದು ನಿಜವಾದ ಬೂಷ್ಟು, ಬಿಸಿಗೆ ಕರಗುವುದಿಲ್ಲ. ಮೊದಲನೆಯದಕ್ಕೆ ಬಟ್ಟೆ ಸಾಕು, ಎರಡನೆಯದಕ್ಕೆ ಔಷಧ ಬೇಕು. ಇಷ್ಟು ತೋರಿಸಿ ಅದೇ ಗ್ಲಾಸಿನಲ್ಲಿ ಅವರು ಚಹಾ ಕುಡಿದರು. ನನಗೆ ಬೇರೆ ತರಿಸಿದರು.

ಬೂಷ್ಟಿನ ಕಡೆಯನ್ನು ರಸ್ತೆಗೆ ತಿರುಗಿಸಿ ಒಣ ಬ್ರಷ್ಷಿನಿಂದ ಕೊಡವಿದರು. ಮನೆಯೊಳಗೆ ಇದನ್ನು ಮಾಡಬಾರದು, ಪುಡಿ ಹಾರಿ ಉಳಿದ ಚಪ್ಪಲಿಗಳಿಗೂ ಹತ್ತುತ್ತದೆ. ಆಮೇಲೆ ಸಮ ಪಾಲು ನೀರು, ಸಮ ಪಾಲು ಬಿಳಿ ಸಿರ್ಕಾ (ವಿನೆಗರ್), ಅದರಲ್ಲಿ ಬಟ್ಟೆ ಅದ್ದಿ ಹಿಂಡಿ ಒರೆಸಿದರು. ಗಾಳಿಯಲ್ಲಿ ತೇವ ಶೇ 70 ದಾಟಿದರೆ ಬೂಷ್ಟಿಗೆ ಹಬ್ಬ. ಮುಂಬೈ ಜುಲೈಯಲ್ಲಿ ಶೇ 80ರ ಆಸುಪಾಸಿನಲ್ಲೇ ಇರುತ್ತದೆ. ಅದರ ಮೇಲೆ ನಾನು ಕೊಬ್ಬರಿ ಎಣ್ಣೆಯ ಊಟ ಬೇರೆ ಹಾಕಿದ್ದೆ.

ಎಣ್ಣೆಯ ಲೆಕ್ಕ ಅವರು ಹೇಳಿದ ರೀತಿ ನನಗೆ ಇಷ್ಟವಾಯಿತು. ನಮ್ಮೂರ ಕಾಲ್ಮರಿಯ ತೊಗಲನ್ನು ಜಾಲಿ ಚಕ್ಕೆ, ಅಳಲೆಕಾಯಿ ಹಾಕಿ ವಾರಗಟ್ಟಲೆ ನೆನೆಸಿ ಹದ ಮಾಡುತ್ತಾರೆ. ಮೇಲೆ ಬಣ್ಣದ ಪದರ ಇರುವುದಿಲ್ಲ, ಎಣ್ಣೆ ಕುಡಿಯುತ್ತದೆ. ಬೂಟಿನ ಮೇಲ್ಚರ್ಮ ಹೆಚ್ಚಾಗಿ ಕ್ರೋಮ್ ಹದದ್ದು, ಅಂದರೆ ಕ್ರೋಮಿಯಂ ಲವಣ ಹಾಕಿ ಹದ ಮಾಡಿದ್ದು, ಒಂದೆರಡು ದಿನದಲ್ಲಿ ಆಗುತ್ತದೆ. ಹದ ಮಾಡುವ ಕಾರ್ಖಾನೆಯಲ್ಲೇ ಅದಕ್ಕೆ ಬೇಕಾದ ಎಣ್ಣೆ ಕುಡಿಸಿ ಕಳಿಸಿರುತ್ತಾರೆ. ಚರ್ಮ ಅಂದರೆ ಕೂದಲೆಳೆಗಿಂತ ಸಣ್ಣ ನಾರುಗಳ ಗೋಜಲು. ಆ ಎಣ್ಣೆ ಇರುವುದರಿಂದ ಮಡಚಿದಾಗ ಒಂದು ನಾರು ಇನ್ನೊಂದರ ಮೇಲೆ ಜಾರುತ್ತದೆ. ಒದ್ದೆ ಇರುವಾಗ ಬಿಸಿ ಕೊಟ್ಟರೆ ನಾರುಗಳು ಕುಗ್ಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಮೇಲೆ ಮಡಚಿದರೆ ಜಾರುವುದಿಲ್ಲ, ತುಂಡಾಗುತ್ತವೆ.

ಅಂದರೆ ಗಾಂಧಿ ಮಾರ್ಕೆಟಿನ ನೀರು ಬೂಟನ್ನು ಕೊಂದಿರಲಿಲ್ಲ. ಫ್ರಿಜ್ಜಿನ ಹಿಂದಿನ ಗಾಳಿ ಅರ್ಧ ಕೊಂದಿತು, ಲಾಂಡ್ರಿಯ ಮೆಷಿನ್ನು ಉಳಿದರ್ಧ. ನಾನು ವರ್ಷಕ್ಕೆ ನೂರು ಜನರಿಗೆ ಹೇಳುವ ಮಾತನ್ನು ಮೆಟ್ಟಿಲ ಕೆಳಗೆ ಕೂತು ನಾನೇ ಕೇಳಿಸಿಕೊಂಡೆ.

ಕಾಕಾ ಇದನ್ನು ಕಲಿತದ್ದು 2005ರ ಜುಲೈ 26ರ ಮಳೆಯಲ್ಲಿ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದ ದಿನ. ಅವರ ಪೆಟ್ಟಿಗೆ ತೇಲಿ ಹೋಗಿ ಎದುರಿನ ಗೇಟಿಗೆ ಸಿಕ್ಕಿಕೊಂಡಿತ್ತಂತೆ. ಮುಂದಿನ ವಾರ ಬೀದಿಯ ಜನ ಎಲ್ಲಾ ತಮ್ಮ ತಮ್ಮ ಬೂಟು ತಂದು ಸುರಿದರು. ಅವಸರ ಇದ್ದವರದನ್ನು ಸ್ಟೋವಿನ ಹತ್ತಿರ ಇಟ್ಟು ಒಣಗಿಸಿ ಕೊಟ್ಟರು. ಜಾಗ ಸಾಲದೆ ಉಳಿದವನ್ನು ಮೆಟ್ಟಿಲ ಮೇಲೆ ಅಡ್ಡ ಮಲಗಿಸಿ ಮರೆತುಬಿಟ್ಟರು. ‘ಸ್ಟೋವಿನ್ವು ದೀಪಾವಳಿಗೆ ಒಡದು ಬಂದ್ವು. ಮರ್ತವು ಇನ್ನೂ ತಿರಗಾಡಾಕತ್ತಾವ’ ಅಂದರು. ಇನ್ನೂ ಅನ್ನುವುದು ಸ್ವಲ್ಪ ಜಾಸ್ತಿ ಆಯಿತು. ಆದರೆ ಅವರು ಹೇಳುವಾಗ ನಂಬುವ ಹಾಗಿರುತ್ತದೆ.

ತೊಳೆಯುವುದಕ್ಕೆ ಅವರು ಬಳಸಿದ್ದು ಸ್ಯಾಡಲ್ ಸೋಪು. ಕುದುರೆ ಜೀನಿಗೆ ಅಂತ ಮಾಡಿದ ಸೋಪು, ಒಳಗೆ ಮೇಣ, ಎಣ್ಣೆ ಸೇರಿರುತ್ತದೆ. ಆದರೂ ಸೋಪು ಸೋಪೇ. ಚರ್ಮದ ಗುಣ ಸ್ವಲ್ಪ ಹುಳಿ, ಸೋಪಿನದು ಅದಕ್ಕೆ ವಿರುದ್ಧ, ಕ್ಷಾರ. ಹಾಗಾಗಿ ವರ್ಷಕ್ಕೆ ಎರಡೋ ಮೂರೋ ಸಲ ಸಾಕು, ವಾರ ವಾರ ತಿಕ್ಕಿದರೆ ಚರ್ಮ ಒಣಗುತ್ತದೆ. ಒದ್ದೆ ಬಟ್ಟೆಯಲ್ಲಿ ಸ್ವಲ್ಪ ನೊರೆ ಮಾಡಿ, ಬೂಟನ್ನು ಮೂಗು, ಪಕ್ಕ, ಹಿಮ್ಮಡಿ ಅಂತ ಭಾಗ ಮಾಡಿಕೊಂಡು ಒರೆಸಿದರು. ಮೂರನೇ ಸಲಕ್ಕೆ ಲಾಂಡ್ರಿಯವರ ಹೊಳಪು ಬಟ್ಟೆಗೆ ಚೂರು ಚೂರಾಗಿ ಬಂತು, ಬಿಸಿಲಿಗೆ ಸುಟ್ಟ ಮೈ ಸಿಪ್ಪೆ ಬಿಡುವ ಹಾಗೆ. ಒಂದು ಜಾಣತನ ಗಮನಿಸಿದೆ. ಕಲೆ ಇದ್ದಲ್ಲಿ ಮಾತ್ರ ಒದ್ದೆ ಮಾಡಲಿಲ್ಲ, ಇಡೀ ಬೂಟನ್ನು ಒಂದೇ ಸಮ ಒದ್ದೆ ಮಾಡಿದರು. ಅಲ್ಲಲ್ಲಿ ಮಾತ್ರ ಮಾಡಿದರೆ ಒಣಗುವಾಗ ಗೆರೆ ಉಳಿಯುತ್ತದಂತೆ.

ಒಣಗಿಸುವುದಕ್ಕೆ ಪೇಪರ್. ಮುಂಬೈಯ ಕನ್ನಡ ಪೇಪರನ್ನು ಕಾಕಾ ದಿನಾ ತರಿಸುತ್ತಾರೆ. ಮೊದಲು ಓದುತ್ತಾರೆ, ಆಮೇಲೆ ಬೂಟಿಗೆ ತುರುಕುತ್ತಾರೆ. ಬೂಟಿನೊಳಗಿನ ಬಟ್ಟೆ ತಿಳಿ ಬಣ್ಣದ್ದಾದರೆ ಅಕ್ಷರದ ಮಸಿ ಹತ್ತುತ್ತದೆ, ಅದಕ್ಕೆ ಬಿಳಿ ಹಾಳೆ. ತುರುಕಿದ ಮೇಲೆ ಬೂಟನ್ನು ನಿಲ್ಲಿಸುವುದಿಲ್ಲ, ಅಡ್ಡ ಮಲಗಿಸುತ್ತಾರೆ. ನಿಲ್ಲಿಸಿದರೆ ಅಟ್ಟೆಗೆ ಗಾಳಿ ಹೋಗುವುದಿಲ್ಲ, ನೀರು ಅಲ್ಲೇ ಕೂರುತ್ತದೆ. ಮೊದಲ ದಿನ ನಾಲ್ಕು ಸಲ ಪೇಪರ್ ಬದಲಾಯಿಸಬೇಕು. ಟೇಬಲ್ ಫ್ಯಾನ್ ಗಾಳಿ ಪರವಾಗಿಲ್ಲ, ಬಿಸಿಗಾಳಿ ಬೇಡ, ಬಿಸಿಲೂ ಬೇಡ. ಜುಲೈಯಲ್ಲಿ ಬಿಸಿಲು ಎಲ್ಲಿಂದ ತರೋಣ, ಆ ಮಾತು ಬೇರೆ.

ಮೂರು ದಿನ ಹೀಗೇ ಹೋಯಿತು. ನಾಲ್ಕನೇ ದಿನ ಕಂಡೀಷನರ್, ಚರ್ಮ ಮೆತ್ತಗಾಗಲು ಹಚ್ಚುವ ಮುಲಾಮು. ಬ್ರಷ್ ಅಲ್ಲ, ಬಟ್ಟೆ ಅಲ್ಲ, ಬರಿಗೈ. ಅಂಗೈಯ ಬಿಸಿಗೆ ಅದು ಮೆತ್ತಗಾಗುತ್ತದೆ, ಎಷ್ಟು ಹೋಯಿತು ಅಂತ ಬೆರಳಿಗೆ ಗೊತ್ತಾಗುತ್ತದೆ. ತೆಳ್ಳಗೆ ಒಂದು ಸಲ, ರಾತ್ರಿ ಬಿಟ್ಟು ಇನ್ನೊಂದು ಸಲ. ಮಡಿಕೆಗಳಲ್ಲಿ ಹೆಬ್ಬೆರಳಿನ ಆ ಕಾಫಿ ಬಣ್ಣದ ಉಗುರಿನ ಪಕ್ಕದ ಮಾಂಸದಿಂದ ಸುತ್ತು ಸುತ್ತು ತಿಕ್ಕಿದರು. ಮಗುವಿಗೆ ಎಣ್ಣೆ ನೀವುವ ಹಾಗೆ. ಜಾಸ್ತಿ ಹಚ್ಚಿದರೂ ಕೇಡೇ. ಚರ್ಮ ಜೋತು ಬಿದ್ದು ಆಕಾರ ಕಳಕೊಳ್ಳುತ್ತದೆ, ಧೂಳು ಹಿಡಿಯುತ್ತದೆ.

ಬಿರುಕು ಏನಾಯಿತು ಅಂತ ಕೇಳುತ್ತೀರಾ. ಹಾಗೇ ಇದೆ. ಕಾಕಾ ಮೊದಲ ದಿನವೇ ಹೇಳಿಬಿಟ್ಟರು: ‘ಒಡದದ್ದು ಒಡದೈತಿ ತಮ್ಮಾ. ಮುಂದ ಒಡೀಲಾರದಂಗ ಮಾಡ್ತೇನಿ. ಕೂಡಸ್ತೇನಿ ಅಂತ ಯಾರರ ಅಂದ್ರ ರೊಕ್ಕ ಕೊಡಬ್ಯಾಡ.’ ನಾನು ಅವರನ್ನು ನಂಬಿದ್ದು ಆ ಮಾತಿಗೆ. ಈಗ ಎಂಟು ತಿಂಗಳಾಯಿತು. ಅರ್ಧ ಇಂಚು ಅರ್ಧ ಇಂಚೇ ಇದೆ. ಸ್ಕೇಲ್ ಇಟ್ಟು ಫೋಟೋ ತೆಗೆದಿದ್ದೇನೆ, ವೃತ್ತಿ ಚಟ.

ಕೊನೆಗೆ ಬಣ್ಣ. ಕಂದು ಕ್ರೀಮ್ ಪಾಲಿಶ್ ಇಡೀ ಬೂಟಿಗೆ. ಡಬ್ಬಿಯ ಮೇಣದ ಪಾಲಿಶ್ ಮೂಗಿಗೆ ಮತ್ತು ಹಿಮ್ಮಡಿಗೆ ಮಾತ್ರ. ಮಡಚುವ ಜಾಗಕ್ಕೆ ಮೇಣ ಬಳಿದರೆ ಅದು ಒಡೆದು ಬಿಳಿ ಗೆರೆ ಬರುತ್ತದೆ. ಮೇಣಕ್ಕೆ ಅವರಲ್ಲಿ ಇರುವುದು ನಮ್ಮೆಲ್ಲರ ಶಾಲೆಯ ದಿನಗಳ ಚೆರ್ರಿ ಬ್ಲಾಸಮ್ ಡಬ್ಬಿಯೇ. ಪಕ್ಕದಲ್ಲಿ ಖಾಲಿ ‘ಕಿವಿ’ ಪಾಲಿಶ್ ಡಬ್ಬಿಗಳಲ್ಲಿ ಮೊಳೆ ಇಟ್ಟಿದ್ದಾರೆ. ಕಿವಿ 1906ರಲ್ಲಿ ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಪಾಲಿಶ್. ಅದನ್ನು ಮಾಡಿದವನ ಹೆಂಡತಿ ನ್ಯೂಜಿಲೆಂಡಿನವಳು, ಅಲ್ಲಿನ ಕಿವಿ ಹಕ್ಕಿಯ ಹೆಸರು ಇಟ್ಟದ್ದು ಅವಳಿಗಾಗಿ. ಇದನ್ನು ಕಾಕಾಗೆ ಹೇಳಿದೆ. ‘ಹೇಣ್ತಿ ಹೆಸರ ಇಡಬೇಕಿತ್ತು, ಹಕ್ಕೀದ್ಯಾಕ?’ ಅಂದರು.

ಕನ್ನಡಿ ಹೊಳಪು ಬೇಕು ಅಂದೆ. ಮಾಡಲಿಲ್ಲ. ‘ಮದಿವಿ ಐತೇನ?’ ಅಂತ ಕೇಳಿದರು. ಇಲ್ಲ, ಗ್ಯಾರೇಜ್ ಅಂದೆ. ‘ಹಂಗಾದ್ರ ಸಾಕು.’

ಸಿಎಸ್‌ಎಂಟಿ, ಚರ್ಚ್‌ಗೇಟ್ ಸ್ಟೇಷನ್ನುಗಳಲ್ಲಿ ಬ್ರಷ್ಷಿನಿಂದ ಪೆಟ್ಟಿಗೆ ಟಕ್ ಟಕ್ ಬಡಿದು ಕರೆಯುವ ಪಾಲಿಶ್‌ನವರ ಬಗ್ಗೆ ನನಗೆ ಬಹಳ ಗೌರವ. ಮೂರು ನಿಮಿಷದಲ್ಲಿ ಆಫೀಸಿಗೆ ಹೋಗುವ ಹಾಗೆ ಮಾಡಿ ಕಳಿಸುತ್ತಾರೆ. ದಿನದ ಕರಿ ಶೂಗೆ ಅಷ್ಟು ಸಾಕು. ಆದರೆ ಬಾಟಲಿಯ ತುದಿಯ ಸ್ಪಂಜಿನಿಂದ ಬಳಿಯುವ ದ್ರವ ಪಾಲಿಶ್ ಮಾತ್ರ ಒಳ್ಳೆ ಬೂಟಿಗೆ ದಿನಾ ಬೇಡ. ಅದು ಪದರದ ಮೇಲೆ ಪದರವಾಗಿ ಕೂತು ಕೊನೆಗೆ ಒಡೆಯುತ್ತದೆ. ಲಾಂಡ್ರಿಯವರು ಬಳಿದದ್ದೂ ಅಂಥದ್ದೇ ಇರಬೇಕು.

ಈಗ ದೂರುಗಳು. ಇವು ಇಲ್ಲದಿದ್ದರೆ ಕಾಕಾ ನನಗೆ ಸಂಬಂಧಿ ಅಂತ ನೀವು ಅಂದುಕೊಳ್ಳುತ್ತೀರಿ.

ಸಮಯ. ಗುರುವಾರ ಅಂದರೆ ಭಾನುವಾರ. ಭಾನುವಾರ ಅಂದರೆ ಕೇಳಬೇಡಿ. ಡೊಂಬಿವಲಿಯಿಂದ ಎರಡು ಸಲ ಸುಮ್ನೆ ಬಂದು ಹೋದೆ. ಮಾಟುಂಗಾದಲ್ಲಿ ಫಾಸ್ಟ್ ಲೋಕಲ್ ನಿಲ್ಲುವುದೂ ಇಲ್ಲ, ಸ್ಲೋ ಹಿಡಿದು ಕೂರಬೇಕು. ಜೋರು ಮಳೆ ಬಂದರೆ ತಾಡಪತ್ರಿ ಇಳಿಸಿ ಮನೆಗೆ ಹೋಗಿಬಿಡುತ್ತಾರೆ. ಬೂಟು ಒದ್ದೆಯಾಗುವ ದಿನವೇ ಬೂಟಿನ ಡಾಕ್ಟರ್ ರಜೆ! ಚೀಟಿ, ರಸೀದಿ ಏನೂ ಇಲ್ಲ. ಯಾರ ಬೂಟು ಯಾವುದು ಅನ್ನುವುದು ಅವರ ತಲೆಯಲ್ಲಿ ಮಾತ್ರ. ಬಣ್ಣವೂ ಮೊದಲಿಗಿಂತ ಅರ್ಧ ಛಾಯೆ ಗಾಢವಾಗಿದೆ. ಕೊಬ್ಬರಿ ಎಣ್ಣೆಯ ಕಲೆಯನ್ನು ತೆಗೆಯಲಾಗದೆ ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಿದ್ದಾರೆ. ಅದು ನನ್ನ ತಪ್ಪೇ, ಆದರೆ ಮಾಡುವ ಮೊದಲು ಒಂದು ಮಾತು ಕೇಳಬಹುದಿತ್ತು. ಸ್ವೇಡ್ (ಮಖಮಲ್ಲಿನಂಥ ಚರ್ಮ) ಮುಟ್ಟುವುದಿಲ್ಲ, ಸ್ಪೋರ್ಟ್ಸ್ ಶೂ ತಂದರೆ ಬೈಯುತ್ತಾರೆ.

ಕೊಟ್ಟ ಹಣ: ತೊಳೆದು, ಬೂಷ್ಟು ತೆಗೆದು, ಕಂಡೀಷನರ್, ಪಾಲಿಶ್ ಎಲ್ಲ ಸೇರಿ 350. ಸುರುಳಿ ಸುತ್ತಿದ ಒಳ ತೊಗಲನ್ನು ಬಿಡಿಸಿ ಕೂಡಿಸಿದ್ದಕ್ಕೆ 120. ಮೊಮ್ಮಗ ಅಂಟಿಸಿಕೊಟ್ಟ ಯುಪಿಐ ಚೀಟಿ ಪೆಟ್ಟಿಗೆಯ ಮುಚ್ಚಳದ ಒಳಗಿದೆ, ಕೇಳಿದರೆ ತೆರೆದು ತೋರಿಸುತ್ತಾರೆ. ಅರ್ಧ ಸೈಜು ಚಿಕ್ಕದಾಗಿದ್ದ ಬೂಟು ಕಾಲಂಶ ಸೈಜಿನಷ್ಟು ಸಡಿಲಾಗಿ ವಾಪಸ್ ಬಂದಿದೆ. ದಪ್ಪ ಸಾಕ್ಸ್ ಬಿಟ್ಟು ತೆಳ್ಳನೆಯದು ಹಾಕಿದರೆ ಸರಿಹೋಗುತ್ತದೆ.

ನಮ್ಮ ಲೆಕ್ಕದಲ್ಲಿ ರಬ್ಬರ್, ಪ್ಲಾಸ್ಟಿಕ್, ಬ್ಯಾಟರಿಗೆ ಶೇ 50 ಸವಕಳಿ ಕಳೆಯುತ್ತೇವೆ, ಗಾಜಿಗೆ ಏನೂ ಕಳೆಯುವುದಿಲ್ಲ. ಬೂಟಿನ ಚರ್ಮಕ್ಕೆ ನಿಯಮ ಇಲ್ಲ. ನನ್ನ ಕಣ್ಣಂದಾಜಿನಲ್ಲಿ ಲಾಂಡ್ರಿಯಿಂದ ಬಂದಾಗ ಅದು ಟೋಟಲ್ ಲಾಸ್, ರಿಪೇರಿಗೆ ಬಾರದ್ದು. ಕಾಕಾ ಕೈಯಿಂದ ಬಂದಾಗ ಶೇ 30 ಸವಕಳಿ, ರಸ್ತೆಗೆ ಇಳಿಸಬಹುದು.

ಮನೆಗೆ ಒಂದಿಷ್ಟು ಸಾಮಾನು ಕೊಂಡೆ. ಸಾಯನ್ ಬಾಂದ್ರಾ ಲಿಂಕ್ ರೋಡಿನಲ್ಲಿ, ಧಾರಾವಿಯ ಅಂಚಿಗೆ, ಚರ್ಮದ ಅಂಗಡಿಗಳ ಸಾಲಿದೆ. ಅಲ್ಲಿ ಬ್ಯಾಗು, ಜಾಕೆಟ್ಟು ನೋಡುತ್ತಾ ನಿಂತರೆ ಸಂಬಳ ಮುಗಿಯುತ್ತದೆ. ನಾನು ತಂದದ್ದು ಕುದುರೆ ಕೂದಲಿನ ಒಂದು ಬ್ರಷ್, ಬಣ್ಣ ಇಲ್ಲದ ಒಂದು ಕ್ರೀಮ್. ಉಜ್ಜುವ ಬಟ್ಟೆಗೆ ಹಳೇ ಬನಿಯನ್ನಿಗಿಂತ ಒಳ್ಳೆಯದು ಇಲ್ಲ. ಹೊಲಿಗೆಯ ಸಂದಿಗೆ ಹಳೇ ಟೂತ್ ಬ್ರಷ್. ಮನೆಗೆ ಬಂದ ಕೂಡಲೇ ಎರಡು ನಿಮಿಷ ಒಣ ಬ್ರಷ್ ಆಡಿಸುತ್ತೇನೆ. ಮಣ್ಣು, ಧೂಳು ಮಡಿಕೆಯಲ್ಲಿ ಕೂತರೆ ಮರಳು ಕಾಗದದ ಹಾಗೆ ತಿನ್ನುತ್ತದೆ. ಒಂದು ದಿನ ಹಾಕಿದರೆ ಮರುದಿನ ರಜೆ. ಕಾಲಿನ ಬೆವರು ಒಣಗುವುದಕ್ಕೂ ಅಷ್ಟು ಹೊತ್ತು ಬೇಕು.

ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದನ್ನು ಬಿಟ್ಟಿದ್ದೇನೆ. ಹಾಗೆ ಕಟ್ಟಿಟ್ಟ ನನ್ನ ಮದುವೆಯ ಶೂ ಕಥೆಯನ್ನೂ ಹೇಳಿಬಿಡುತ್ತೇನೆ. ಎಂಟು ವರ್ಷ ಕಪಾಟಿನಲ್ಲಿ ಜೋಪಾನವಾಗಿತ್ತು. ಭಾವನ ಮಗನ ಮುಂಜಿಗೆ ಹಾಕಿಕೊಂಡು ಹೋದೆ. ಹಾಲ್‌ನಲ್ಲಿ ನಾನು ಹೋದಲ್ಲೆಲ್ಲ ಕರಿ ಚೂರು. ಊಟದ ಪಂಕ್ತಿಗೆ ಕೂರುವಾಗ ಅಟ್ಟೆ ಒಣ ರೊಟ್ಟಿಯ ಹಾಗೆ ಪುಡಿಯಾಗಿ, ನಾನು ಸಾಕ್ಸ್ ಮೇಲೆ ನಿಂತಿದ್ದೆ. ಪಾಲಿಯುರೆಥೇನ್ (ಒಂದು ಬಗೆಯ ಪ್ಲಾಸ್ಟಿಕ್) ಅಟ್ಟೆಗಳ ಹಣೆಬರಹ ಅದು. ಗಾಳಿಯ ತೇವ ಒಳಗೊಳಗೇ ಅದನ್ನು ಒಡೆಯುತ್ತದೆ. ಹಾಕದೆ ಇಟ್ಟರೂ ಹಾಳಾಗುತ್ತದೆ, ಹಾಕದೆ ಇಟ್ಟರೇ ಬೇಗ ಅಂತಾರೆ ಕಾಕಾ.

ಇತ್ತೀಚೆಗೆ ಹೆಂಡತಿ ತನ್ನ ಕಪ್ಪು ಬೂಟನ್ನೂ ನನ್ನ ಕೈಯಲ್ಲಿ ಕಳಿಸಿದಳು. ಕಾಕಾ ತಿರುಗಿಸಿ ನೋಡಿ, ಮೂಸಿ, ಹನಿ ಇಟ್ಟರು. ಇದು ಎಷ್ಟರದ್ದು ಅಂತ ಕೇಳಿದರು. ಹೇಳಿದೆ. ‘ನಿನ್ನದು?’ ಅಂದರು. ಅಭ್ಯಾಸ ಬಲದಲ್ಲಿ 4,500 ಅಂದೆ. ನನ್ನ ಮುಖ ನೋಡಿದರು, ಬೂಟಿನ ಅಂಚಿನ ಹೊಲಿಗೆ ಮೇಲೆ ಉಗುರು ಎಳೆದರು, ‘ಹೂಂ’ ಅಂದರು.

ಹೋಗುವವರಿಗೆ: ಬುಧವಾರ ಇರುವುದಿಲ್ಲ. ಹನ್ನೊಂದಕ್ಕೆ ಮೊದಲು ಹೋದರೆ ಪೇಪರ್ ಓದುತ್ತಿರುತ್ತಾರೆ, ಮಾತಾಡುವುದಿಲ್ಲ. ಲೇಸು ಮನೆಯಲ್ಲೇ ಬಿಚ್ಚಿಟ್ಟು ಹೋಗಿ. ಒದ್ದೆ ಬೂಟಾದರೆ ಪೇಪರ್ ತುರುಕಿ ಬಟ್ಟೆ ಚೀಲದಲ್ಲಿ ಒಯ್ಯಿರಿ, ಪ್ಲಾಸ್ಟಿಕ್ಕಿನಲ್ಲಿ ತಂದರೆ ಚೀಲ ತೆರೆಯುವುದಕ್ಕೂ ಮೊದಲೇ ಬೈಗುಳ ಶುರು. ಮತ್ತೆ, ಹೇರ್ ಡ್ರೈಯರ್ ಹಿಡಿದಿದ್ದರೆ ಮೊದಲೇ ಒಪ್ಪಿಕೊಳ್ಳಿ. ಅವರಿಗೆ ಗೊತ್ತಾಗುತ್ತದೆ.